ನಿಮ್ಮ ಫೋನಿಗೆ ಎಷ್ಟು ನಂಬರು?

ಫೋನ್ ಕಳೆದುಹೋಯಿತೆಂದು ಪೊಲೀಸ್ ಠಾಣೆಗೆ ಹೋದರೆ, ಮೊಬೈಲ್ ನಂಬರು ಬರೆದುಕೊಂಡ ಮೇಲೆ ಇನ್ನೊಂದು ನಂಬರನ್ನೂ ಕೇಳುತ್ತಾರೆ. ‘ಐಎಂಇಐ ಎಷ್ಟು? ಬಿಲ್ ಇದೆಯಾ? ಬಾಕ್ಸ್ ಆದರೂ ಇಟ್ಟುಕೊಂಡಿದ್ದೀರಾ?’ ಹತ್ತಂಕಿಯ ನಂಬರನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲವರು ಇಲ್ಲಿ ತಡವರಿಸುತ್ತಾರೆ. ಬಾಕ್ಸ್ ಎಂದೋ ಗುಜರಿಗೆ ಹೋಗಿರುತ್ತದೆ, ಬಿಲ್ಲಿನ ಮೇಲಿನ ಅಕ್ಷರ ಮಾಸಿರುತ್ತದೆ. ಕಳೆದ ಫೋನನ್ನು ಪತ್ತೆ ಹಚ್ಚಲು ಬೇಕಾದ ಹದಿನೈದು ಅಂಕಿಗಳು ಎಲ್ಲಿದ್ದವು ಎಂಬುದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಕೈಯಲ್ಲಿ ಹಿಡಿದ ಒಂದು ಫೋನಿಗೆ ನಾಲ್ಕು ಬಗೆಯ ನಂಬರುಗಳಿವೆ. ಒಂದು ಯಂತ್ರದ್ದು. ಇನ್ನೊಂದು ಸಿಮ್ ಕಾರ್ಡಿನದು. ಮೂರನೆಯದು ಆ ಸಿಮ್ಮಿನೊಳಗೆ ಕೂತಿರುವ ಚಂದಾದಾರರ ನಂಬರು. ನಾಲ್ಕನೆಯದು ನಾವು ಊರಿಗೆಲ್ಲ ಹಂಚುವ ಹತ್ತಂಕಿ. ಇವುಗಳಲ್ಲಿ ಎಲ್ಲಕ್ಕಿಂತ ಸಡಿಲವಾದದ್ದು, ಬೇಗ ಇನ್ನೊಬ್ಬರ ಪಾಲಾಗಬಹುದಾದದ್ದು ಈ ನಾಲ್ಕನೆಯದೇ. ಅದನ್ನೇ ನಾವು ಬ್ಯಾಂಕಿಗೆ, ಆಧಾರ್‌ಗೆ, ಗ್ಯಾಸ್ ಏಜೆನ್ಸಿಗೆ, ಮಕ್ಕಳ ಶಾಲೆಗೆ ನಮ್ಮ ಗುರುತು ಎಂದು ಬರೆದುಕೊಟ್ಟಿದ್ದೇವೆ.

ಈ ನಂಬರುಗಳೂ ಅವುಗಳ ನಡುವೆ ಮೆಸೇಜು ಓಡಾಡುವ ನಿಯಮಗಳೂ ರೂಪುಗೊಂಡದ್ದು 1970 ಮತ್ತು 80ರ ದಶಕಗಳಲ್ಲಿ, ದೂರವಾಣಿ ಇಲಾಖೆಗಳ ಸಮಿತಿ ಸಭೆಗಳಲ್ಲಿ. ಅಲ್ಲಿ ಕೂತವರು ಸಮರ್ಥ ಎಂಜಿನಿಯರುಗಳು, ಅವರ ಕೆಲಸ ಇವತ್ತಿಗೂ ನಿಂತಿದೆ. ಆದರೆ ಎರಡು ಮಾತನ್ನು ಅವರು ಪ್ರಶ್ನಿಸದೆ ಒಪ್ಪಿಕೊಂಡಿದ್ದರು: ಜಾಲದ ಒಳಗಿರುವವರೆಲ್ಲ ನಂಬಿಗಸ್ತರು, ಮೆಸೇಜು ಬರೆಯುವವರೆಲ್ಲ ಯುರೋಪಿನ ಲಿಪಿಯವರು. ಈ ಎರಡಕ್ಕೂ ನಮ್ಮ ಜನ ಇವತ್ತೂ ಬೆಲೆ ತೆರುತ್ತಿದ್ದಾರೆ ಎಂಬುದು ನನ್ನ ವಾದ. ಅದನ್ನು ಹೇಳುವ ಮೊದಲು ನಂಬರುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಯಂತ್ರದ ನಂಬರು

ಸ್ಕೂಟರಿಗೆ ನಂಬರ್ ಪ್ಲೇಟ್ ಬೇರೆ, ಚಾಸಿಸ್ ನಂಬರ್ ಬೇರೆ ಇರುವ ಹಾಗೆ ಫೋನಿನ ಚಾಸಿಸ್ ನಂಬರು ಈ ಐಎಂಇಐ. *#06# ಎಂದು ಒತ್ತಿದರೆ ಸಾಕು, ಕರೆಯ ಬಟನ್ ಮುಟ್ಟುವ ಮೊದಲೇ ತೆರೆಯ ಮೇಲೆ ಮೂಡುತ್ತದೆ. ಎರಡು ಸಿಮ್ ಹಿಡಿಯುವ ಫೋನಾದರೆ ಎರಡು ನಂಬರು ಬರುತ್ತವೆ. ಈ ಲೇಖನ ಓದುತ್ತಿರುವಾಗಲೇ ಅದನ್ನೊಮ್ಮೆ ಮಾಡಿ, ನಂಬರನ್ನು ಫೋನಿನೊಳಗಲ್ಲ, ಒಂದು ಹಾಳೆಯಲ್ಲಿ ಬರೆದಿಡಿ.

ಹದಿನೈದು ಅಂಕಿಗಳಲ್ಲಿ ಮೊದಲ ಎಂಟು ಫೋನಿನ ಮಾಡೆಲ್ ಯಾವುದೆಂದು ಹೇಳುತ್ತವೆ. ಒಂದೇ ಮಾಡೆಲಿನ ಲಕ್ಷಾಂತರ ಫೋನುಗಳಲ್ಲಿ ಈ ಎಂಟು ಅಂಕಿ ಒಂದೇ ಇರಬಹುದು. ಇವನ್ನು ಹಂಚುವುದು ಮೊಬೈಲ್ ಕಂಪನಿಗಳ ಜಾಗತಿಕ ಸಂಘಟನೆಯಾದ ಜಿಎಸ್‌ಎಂಎ. ಅದರ ಪರವಾಗಿ ಬೇರೆ ಬೇರೆ ದೇಶಗಳಲ್ಲಿ ಕೆಲವು ಸಂಸ್ಥೆಗಳು ಹಂಚುತ್ತವೆ. ಮೊದಲ ಎರಡು ಅಂಕಿ 35 ಇದ್ದರೆ ಬ್ರಿಟನ್ನಿನ ಸಂಸ್ಥೆ ಕೊಟ್ಟದ್ದು, 86 ಇದ್ದರೆ ಚೀನಾದ್ದು, 91 ಇದ್ದರೆ ಭಾರತದ್ದು. ಇದು ನಂಬರು ಹಂಚಿದವರ ಗುರುತು, ಫೋನ್ ತಯಾರಾದ ಊರಿನ ಗುರುತಲ್ಲ. ಐಎಂಇಐಯ ಏಳು ಮತ್ತು ಎಂಟನೇ ಅಂಕಿ ನೋಡಿ ಫೋನಿನ ಗುಣಮಟ್ಟ ತಿಳಿಯಬಹುದು ಎಂಬ ವಾಟ್ಸಾಪ್ ಸಂದೇಶವೊಂದು ವರ್ಷಗಳಿಂದ ತಿರುಗುತ್ತಿದೆ. ಅದನ್ನು ನಂಬಬೇಡಿ. ಜೋಡಣೆಯ ಜಾಗವನ್ನು ಸೂಚಿಸುವ ಎರಡು ಅಂಕಿಗಳು ಹಿಂದೆ ಆ ಸ್ಥಾನದಲ್ಲಿ ಇದ್ದದ್ದು ನಿಜ, 2004ರ ಹೊತ್ತಿಗೆ ಅವನ್ನು ಕೈಬಿಡಲಾಯಿತು.

ಮುಂದಿನ ಆರು ಅಂಕಿ ಆ ಮಾಡೆಲಿನೊಳಗಿನ ಕ್ರಮಸಂಖ್ಯೆ. ಹದಿನೈದನೆಯದು ತಾಳೆ ನೋಡುವ ಅಂಕಿ, ಅದರ ಲೆಕ್ಕ ಬಹಳ ಚೆನ್ನಾಗಿದೆ. ವಿವರಣೆಗೆಂದು ಎಲ್ಲ ಕಡೆ ಬಳಸುವ 490154203237518 ಎಂಬ ಮಾದರಿ ಸಂಖ್ಯೆಯನ್ನು ತೆಗೆದುಕೊಳ್ಳಿ. ಕೊನೆಯ 8ನ್ನು ಬದಿಗಿಡಿ. ಉಳಿದ ಹದಿನಾಲ್ಕರಲ್ಲಿ ಎರಡನೆಯದು, ನಾಲ್ಕನೆಯದು, ಆರನೆಯದು ಹೀಗೆ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ. 9, 1, 4, 0, 2, 7, 1 ಎಂದಿದ್ದದ್ದು 18, 2, 8, 0, 4, 14, 2 ಆಗುತ್ತದೆ. ಎರಡಂಕಿಯಾದವನ್ನು ಬಿಡಿಸಿ ಕೂಡಿಸಿ: 18 ಎಂದರೆ 9, 14 ಎಂದರೆ 5. ಈ ಸಾಲಿನ ಮೊತ್ತ 30. ಮುಟ್ಟದೆ ಬಿಟ್ಟ 4, 0, 5, 2, 3, 3, 5ರ ಮೊತ್ತ 22. ಎರಡೂ ಸೇರಿ 52. ಅರವತ್ತು ಮುಟ್ಟಲು ಇನ್ನೆಷ್ಟು ಬೇಕು? ಎಂಟು. ಅದೇ ಕೊನೆಯ ಅಂಕಿ. ಬರೆಯುವಾಗ ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಕೂಡಿಬರುವುದಿಲ್ಲ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ವಿಧಾನ ಇದು. ನಿಮ್ಮ ಡೆಬಿಟ್ ಕಾರ್ಡಿನ ಕೊನೆಯ ಅಂಕಿಯನ್ನು ತೀರ್ಮಾನಿಸುವುದೂ ಇದೇ ಲೆಕ್ಕ.

ಆದರೆ ಈ ಲೆಕ್ಕ ಹಿಡಿಯುವುದು ಕೈತಪ್ಪನ್ನು, ಕಳ್ಳತನವನ್ನಲ್ಲ. ನಮ್ಮ ದೇಶದ ಅನುಭವ ಅದನ್ನು ಚೆನ್ನಾಗಿ ತೋರಿಸಿದೆ. 2000ದ ದಶಕದಲ್ಲಿ ಅಗ್ಗದ ದರಕ್ಕೆ ಬಂದ ಎಷ್ಟೋ ಫೋನುಗಳಿಗೆ ಸರಿಯಾದ ಐಎಂಇಐಯೇ ಇರಲಿಲ್ಲ. ಸಾಲು ಸೊನ್ನೆ ಇದ್ದವೂ ಇದ್ದವು. 2009ರ ನವೆಂಬರ್ 30ರ ನಂತರ ಅಂಥ ಫೋನುಗಳಿಗೆ ಸೇವೆ ಕೊಡಬಾರದೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತು. ಹನ್ನೊಂದು ವರ್ಷಗಳ ನಂತರ, 2020ರಲ್ಲಿ, ಉತ್ತರ ಪ್ರದೇಶದ ಮೀರತ್‌ನಲ್ಲಿ ಒಬ್ಬ ಪೊಲೀಸ್ ಸಿಬ್ಬಂದಿ ರಿಪೇರಿಗೆ ಕೊಟ್ಟು ತಂದ ಫೋನು ಸರಿಯಾಗಿ ನಡೆಯದಿದ್ದಾಗ ಅದನ್ನು ಸೈಬರ್ ಘಟಕಕ್ಕೆ ಒಪ್ಪಿಸಿದರು. ಘಟಕದವರು ಹುಡುಕಿದಾಗ ಅದೇ ಐಎಂಇಐ ಹೊತ್ತ ಹದಿಮೂರು ಸಾವಿರಕ್ಕೂ ಹೆಚ್ಚು ಫೋನುಗಳು ದೇಶದಲ್ಲಿ ಚಾಲ್ತಿಯಲ್ಲಿದ್ದವು. ಪ್ರತಿ ಫೋನಿಗೂ ಪ್ರತ್ಯೇಕವಾಗಿರಬೇಕಾದ ನಂಬರು ಅದು.

ಈಗ ಪರಿಸ್ಥಿತಿ ಸುಧಾರಿಸಿದೆ. ಎಲ್ಲ ಕಂಪನಿಗಳ ಪಟ್ಟಿಗಳನ್ನೂ ಒಟ್ಟುಗೂಡಿಸುವ ಸಿಇಐಆರ್ ಎಂಬ ಕೇಂದ್ರೀಯ ದಾಖಲೆ ಕೆಲವು ಕಡೆ ಪ್ರಯೋಗವಾಗಿ ನಡೆದು, 2023ರ ಮೇ ತಿಂಗಳಲ್ಲಿ ‘ಸಂಚಾರ್ ಸಾಥಿ’ ಎಂಬ ಸರಕಾರಿ ಪೋರ್ಟಲ್‌ನ ಭಾಗವಾಗಿ ಇಡೀ ದೇಶಕ್ಕೆ ಬಂತು. ಪೊಲೀಸ್ ದೂರಿನ ಪ್ರತಿಯೊಂದಿಗೆ ಅಲ್ಲಿ ಐಎಂಇಐ ದಾಖಲಿಸಿದರೆ ಆ ಯಂತ್ರ ಯಾವ ಕಂಪನಿಯ ಸಿಮ್ ಹಾಕಿದರೂ ದೇಶದೊಳಗೆ ನಡೆಯದಂತೆ ತಡೆ ಬೀಳುತ್ತದೆ. ಯಾರಾದರೂ ಅದರಲ್ಲಿ ಹೊಸ ಸಿಮ್ ಹಾಕಿದರೆ ಸುಳಿವು ಪೊಲೀಸರಿಗೆ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಆಮೇಲೆ ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಲಿ. ಆ ಫೋನು ತಡೆಪಟ್ಟಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡವಿದೆ.

ಸಿಮ್ಮಿನೊಳಗಿನ ಗುಟ್ಟು

ಸಿಮ್ ಕಾರ್ಡಿನ ಬೆನ್ನ ಮೇಲೆ ಸಣ್ಣಗೆ ಅಚ್ಚಾಗಿರುವ ಉದ್ದನೆಯ ಸಂಖ್ಯೆ ಆ ಕಾರ್ಡಿನದೇ ನಂಬರು. ಅದು 89ರಿಂದ ಶುರುವಾಗುತ್ತದೆ, ದೂರಸಂಪರ್ಕದ ಕಾರ್ಡು ಎಂಬುದಕ್ಕೆ ಆ ಅಂಕಿ. ನಂತರ ಭಾರತದ 91. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಹೊಸ ಸಿಮ್ ಚಾಲೂ ಮಾಡುವಾಗ ಅಂಗಡಿಯವರಿಗೆ ಬೇಕಾಗುತ್ತದೆ, ಅಷ್ಟೇ.

ಮುಖ್ಯವಾದದ್ದು ಒಳಗಿದೆ. ಐಎಂಎಸ್‌ಐ ಎಂಬ ಹದಿನೈದಂಕಿಯ ಚಂದಾದಾರರ ನಂಬರು. ಅದರ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ. ಭಾರತಕ್ಕೆ 404 ಮತ್ತು 405. ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿ ಮತ್ತು ವಲಯವನ್ನು ಹೇಳುತ್ತವೆ. 404ರ ಮುಂದೆ 45 ಬಂದರೆ ಕರ್ನಾಟಕದ ಏರ್‌ಟೆಲ್, 71 ಬಂದರೆ ಕರ್ನಾಟಕದ ಬಿಎಸ್‌ಎನ್‌ಎಲ್. ದುಬೈಯಲ್ಲಿ ವಿಮಾನ ಇಳಿದು ಫೋನ್ ಆನ್ ಮಾಡಿದ ಮಂಗಳೂರಿನವರ ಬಿಲ್ಲನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಅಲ್ಲಿನ ಜಾಲ ತಿಳಿಯುವುದು ಈ ಐದಾರು ಅಂಕಿಗಳಿಂದ.

ಐಎಂಎಸ್‌ಐ ಪಕ್ಕದಲ್ಲಿ ಒಂದು ಗುಟ್ಟಿನ ಕೀಲಿ ಇದೆ. 128 ಬಿಟ್ ಉದ್ದದ್ದು. ಅದು ಇರುವುದು ಎರಡೇ ಕಡೆ: ಸಿಮ್ಮಿನ ಚಿಪ್ಪಿನಲ್ಲಿ ಮತ್ತು ಕಂಪನಿಯ ದೃಢೀಕರಣ ಕೇಂದ್ರದಲ್ಲಿ. ಗಾಳಿಯಲ್ಲಿ ಅದು ಎಂದೂ ಸಾಗುವುದಿಲ್ಲ, ಫೋನಿಗೂ ಅದನ್ನು ಓದಲು ಬಿಡುವುದಿಲ್ಲ. ಫೋನ್ ಜಾಲಕ್ಕೆ ಸೇರುವಾಗ ಆ ಕಡೆಯಿಂದ ಯಾವುದೋ ಒಂದು ಸಂಖ್ಯೆ ಬರುತ್ತದೆ, ಪ್ರತಿ ಸಲವೂ ಬೇರೆ. ಸಿಮ್ ಅದನ್ನು ತನ್ನ ಕೀಲಿಯೊಂದಿಗೆ ಸೇರಿಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹೊರಗೆ ಕೊಡುತ್ತದೆ. ಕಂಪನಿಯ ಕೇಂದ್ರವೂ ಅದೇ ಲೆಕ್ಕ ಮಾಡಿರುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯಿತು. ಕೀಲಿಯನ್ನು ಹೇಳದೆಯೇ ಕೀಲಿ ತನ್ನ ಬಳಿ ಇದೆ ಎಂದು ತೋರಿಸುವ ಈ ಏರ್ಪಾಡು ಇಡೀ ಮೊಬೈಲ್ ವ್ಯವಸ್ಥೆಯಲ್ಲೇ ನನಗೆ ಅತ್ಯಂತ ಸುಂದರವಾಗಿ ಕಾಣುವ ಭಾಗ.

ಒಳಗೆ ಬಂದ ಮೇಲೂ ಐಎಂಎಸ್‌ಐಯನ್ನು ಪದೇಪದೇ ಗಾಳಿಯಲ್ಲಿ ಹೇಳಿದರೆ ಯಾರಾದರೂ ಕೇಳಿಸಿಕೊಂಡು ನಮ್ಮನ್ನು ಹಿಂಬಾಲಿಸಬಹುದು. ಅದಕ್ಕೆ ಜಾಲ ಒಂದು ತಾತ್ಕಾಲಿಕ ನಂಬರು ಕೊಟ್ಟು ಆಗಾಗ ಬದಲಿಸುತ್ತದೆ. ಆದರೆ 2ಜಿಯಲ್ಲಿ ದೊಡ್ಡ ಕೊರತೆಯೊಂದು ಉಳಿಯಿತು. ಜಾಲ ಫೋನನ್ನು ಪರೀಕ್ಷಿಸುತ್ತದೆ. ಫೋನು ಜಾಲವನ್ನು ಪರೀಕ್ಷಿಸುವುದಿಲ್ಲ. ಟವರ್ ಎಂದು ಹೇಳಿಕೊಂಡು ಬಂದ ಯಾವ ಪೆಟ್ಟಿಗೆಯನ್ನಾದರೂ ಫೋನು ನಂಬುತ್ತದೆ. 3ಜಿಯಿಂದ ಇಬ್ಬರೂ ಪರಸ್ಪರ ಪರೀಕ್ಷಿಸಿಕೊಳ್ಳುವಂತಾಯಿತು. 5ಜಿಯಲ್ಲಿ ಚಂದಾದಾರರ ನಂಬರನ್ನೇ ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವ ಅವಕಾಶ ಬಂದಿದೆ.

ಹಾಗಾದರೆ ನಮ್ಮ ಹತ್ತಂಕಿಯ ನಂಬರು ಎಲ್ಲಿದೆ? ಕಂಪನಿಯ ದಾಖಲೆಯಲ್ಲಿ ಒಂದು ಸಾಲಿನಲ್ಲಿದೆ. ಹೋಮ್ ಲೊಕೇಶನ್ ರಿಜಿಸ್ಟರ್ ಎಂಬ ಆ ದಾಖಲೆಯಲ್ಲಿ ‘ಈ ಹತ್ತಂಕಿ ಎಂದರೆ ಇಂಥ ಐಎಂಎಸ್‌ಐ, ಅದು ಈಗ ಇಂಥ ಸ್ವಿಚ್ಚಿನ ವ್ಯಾಪ್ತಿಯಲ್ಲಿದೆ’ ಎಂದು ಬರೆದಿರುತ್ತದೆ (ಸ್ವಿಚ್ಚು ಎಂದರೆ ಒಂದಷ್ಟು ಟವರುಗಳನ್ನು ನೋಡಿಕೊಳ್ಳುವ ಕೇಂದ್ರ). ಸಿಮ್ ಕಳೆದು ಹೊಸದು ತಂದಾಗ ಕಾರ್ಡಿನ ನಂಬರು, ಐಎಂಎಸ್‌ಐ, ಗುಟ್ಟಿನ ಕೀಲಿ ಎಲ್ಲವೂ ಹೊಸತು. ಆ ಒಂದು ಸಾಲನ್ನು ತಿದ್ದಿದ್ದರಿಂದ ಹತ್ತಂಕಿ ಮಾತ್ರ ಹಳೆಯದೇ ಉಳಿಯುತ್ತದೆ. 2011ರ ಜನವರಿ 20ರಿಂದ ದೇಶಾದ್ಯಂತ ಜಾರಿಗೆ ಬಂದ ಪೋರ್ಟಿಂಗ್ ಕೂಡ ಇಂಥದ್ದೇ ತಿದ್ದುಪಡಿ. ನಂಬರಿನ ಆರಂಭದ ಅಂಕಿ ನೋಡಿ ಇದು ಯಾವ ಕಂಪನಿಯದೆಂದು ಹೇಳುವ ಕಾಲ ಅಲ್ಲಿಗೆ ಮುಗಿಯಿತು.

ಸಿಮ್ ಸ್ವಾಪ್ ವಂಚನೆ ನಡೆಯುವುದೂ ಇಲ್ಲೇ. ವಂಚಕ ಗುಟ್ಟಿನ ಕೀಲಿಯನ್ನು ಒಡೆಯಲು ಹೋಗುವುದಿಲ್ಲ, ಅದು ಅವನಿಂದ ಆಗದ ಕೆಲಸ. ನಕಲಿ ದಾಖಲೆ ಕೊಟ್ಟು ‘ನನ್ನ ಸಿಮ್ ಕಳೆದಿದೆ’ ಎಂದು ಹೇಳಿ ಆ ಸಾಲನ್ನೇ ತಿದ್ದಿಸುತ್ತಾನೆ. ನಿಮ್ಮ ಫೋನಿನ ಸಿಗ್ನಲ್ ಹೋಗುತ್ತದೆ, ಬ್ಯಾಂಕಿನ ಒಟಿಪಿ ಅವನ ಫೋನಿಗೆ ಬರುತ್ತದೆ. ಕಾರಣವಿಲ್ಲದೆ ಸಿಗ್ನಲ್ ಹೋಗಿ ಅಕ್ಕಪಕ್ಕದವರ ಫೋನಿನಲ್ಲಿ ಅದೇ ಕಂಪನಿಯ ಸಿಗ್ನಲ್ ಇದ್ದರೆ ಬೆಳಗಾಗಲಿ ಎಂದು ಕಾಯಬಾರದು. ತಕ್ಷಣ ಬ್ಯಾಂಕಿಗೂ ಮೊಬೈಲ್ ಕಂಪನಿಗೂ ಬೇರೆ ಫೋನಿನಿಂದ ತಿಳಿಸಬೇಕು. ಇನ್ನೊಂದು ಮಾತು: ರೀಚಾರ್ಜ್ ಮಾಡದೆ ಬಿಟ್ಟು ಸಂಪರ್ಕ ಕಡಿತವಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ತೀರಿಕೊಂಡ ಅಪ್ಪನ ನಂಬರು ಬ್ಯಾಂಕ್ ಖಾತೆಗೆ ಜೋಡಣೆಯಾಗಿ ಉಳಿದಿದ್ದರೆ, ಆ ಖಾತೆಯ ಮೆಸೇಜುಗಳು ಮುಂದೊಂದು ದಿನ ಯಾರೋ ಅಪರಿಚಿತರ ಕೈಗೆ ಹೋಗುತ್ತವೆ.

160 ಅಕ್ಷರಗಳ ಲೆಕ್ಕ

ಇನ್ನು ಮೆಸೇಜಿನ ಕಡೆಗೆ ಬರೋಣ. ಫೋನು ಮತ್ತು ಟವರಿನ ನಡುವೆ ಮಾತಿಗೆ ಒಂದು ದಾರಿ, ಏರ್ಪಾಡಿಗೆ ಇನ್ನೊಂದು ದಾರಿ. ಯಾರಿಗೆ ಕರೆ ಬಂದಿದೆ, ಯಾವ ಟವರಿಗೆ ಹೋಗಬೇಕು ಎಂಬ ಸೂಚನೆಗಳು ಓಡಾಡುವ ಈ ಎರಡನೇ ದಾರಿಗೆ ಸಿಗ್ನಲಿಂಗ್ ಎನ್ನುತ್ತಾರೆ. ಬಹಳ ಹೊತ್ತು ಅದು ಖಾಲಿ ಇರುತ್ತದೆ. ಆ ಖಾಲಿ ಹೊತ್ತಿನಲ್ಲಿ ಚಿಕ್ಕ ಪಠ್ಯ ಕಳಿಸಿದರೆ ಹೇಗೆ ಎಂಬ ಯೋಚನೆ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್, ಫ್ರಾನ್ಸಿನ ಬರ್ನಾರ್ಡ್ ಗಿಲ್ಲೆಬೇರ್ ಇವರ ನಡುವೆ 1984ರ ಸುಮಾರಿಗೆ ಹುಟ್ಟಿತು. ಸಿಗ್ನಲಿಂಗ್ ದಾರಿಯಲ್ಲಿ ಹಿಡಿಸುವುದು ಸ್ವಲ್ಪವೇ. ಅಷ್ಟರಲ್ಲಿ ಜನ ಏನು ಬರೆದಾರು? ಹಿಲ್ಲೆಬ್ರಾಂಡ್ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯ, ಪ್ರಶ್ನೆಗಳನ್ನು ಟೈಪ್ ಮಾಡಿ ಎಣಿಸಿದರು. ಹೆಚ್ಚಿನವು 160 ಅಕ್ಷರದೊಳಗೆ ಮುಗಿಯುತ್ತಿದ್ದವು. ಜನ ಬರೆಯುತ್ತಿದ್ದ ಪೋಸ್ಟ್ ಕಾರ್ಡುಗಳನ್ನೂ ಟೆಲೆಕ್ಸ್ ಸಂದೇಶಗಳನ್ನೂ ನೋಡಿದರು, ಅವೂ ಹೆಚ್ಚುಕಡಿಮೆ ಅಷ್ಟೇ ಇದ್ದವು. 140 ಬೈಟ್ ಜಾಗ, ಒಂದೊಂದು ಅಕ್ಷರಕ್ಕೆ ಏಳು ಬಿಟ್: ಒಟ್ಟು 1120 ಬಿಟ್‌ಗಳಲ್ಲಿ 160 ಅಕ್ಷರ ಸರಿಯಾಗಿ ಕೂರುತ್ತವೆ.

1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ 22 ವರ್ಷದ ಎಂಜಿನಿಯರ್ ಕಂಪ್ಯೂಟರಿನಿಂದ ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದ್ದು ಮೊದಲ ಎಸ್‌ಎಂಎಸ್. ಜಾರ್ವಿಸ್ ಉತ್ತರ ಬರೆಯುವಂತಿರಲಿಲ್ಲ, ಆ ಫೋನಿನಲ್ಲಿ ಆ ಸೌಲಭ್ಯವೇ ಇರಲಿಲ್ಲ.

ಧಾರವಾಡದಿಂದ ಮಂಗಳೂರಿಗೆ ಒಂದು ಮೆಸೇಜು ಹೊರಟಿತು ಎನ್ನಿ. ಅದು ನೇರವಾಗಿ ಮಂಗಳೂರಿಗೆ ಹೋಗುವುದಿಲ್ಲ. ಕಳಿಸಿದವರ ಕಂಪನಿಯ ಸಂದೇಶ ಕೇಂದ್ರಕ್ಕೆ ಮೊದಲು ಹೋಗುತ್ತದೆ. ಆ ಕೇಂದ್ರದ ವಿಳಾಸ ಸಿಮ್ಮಿನಲ್ಲೇ ಬರೆದಿರುತ್ತದೆ. ಪಡೆಯುವವರ ನಂಬರಿನ ದಾಖಲೆಯನ್ನು ಕೇಂದ್ರ ವಿಚಾರಿಸುತ್ತದೆ: ಇವರು ಈಗ ಎಲ್ಲಿದ್ದಾರೆ? ಉತ್ತರವಾಗಿ ಐಎಂಎಸ್‌ಐ ಮತ್ತು ಸ್ವಿಚ್ಚಿನ ವಿಳಾಸ ಬರುತ್ತವೆ. ಆ ಸ್ವಿಚ್ ತನ್ನ ವ್ಯಾಪ್ತಿಯ ಟವರುಗಳಿಂದ ತಾತ್ಕಾಲಿಕ ನಂಬರು ಹಿಡಿದು ಕೂಗುತ್ತದೆ, ಫೋನು ಓಗೊಡುತ್ತದೆ, ಮೆಸೇಜು ತಲುಪುತ್ತದೆ, ತಲುಪಿದ ಸುದ್ದಿ ಹಿಂದಕ್ಕೆ ಹೋಗುತ್ತದೆ. ಫೋನ್ ಸ್ವಿಚ್ ಆಫ್ ಇದ್ದರೆ ಮೆಸೇಜು ಕೇಂದ್ರದಲ್ಲೇ ಕಾಯುತ್ತದೆ, ‘ಇವರಿಗೊಂದು ಬಾಕಿ ಇದೆ’ ಎಂಬ ಗುರುತು ದಾಖಲೆಯಲ್ಲಿ ಬೀಳುತ್ತದೆ. ಘಟ್ಟ ಇಳಿದು ಸಿಗ್ನಲ್ ಸಿಕ್ಕ ಕೂಡಲೇ ನಾಲ್ಕೈದು ಮೆಸೇಜು ಒಟ್ಟಿಗೆ ಬಂದು ಬೀಳುವುದು ಈ ಕಾರಣಕ್ಕೆ. 4ಜಿ, 5ಜಿಗಳಲ್ಲಿ ನಡುವಿನ ನಿಯಮಗಳ ಹೆಸರು ಬದಲಾಗಿದೆ, ಕೆಲಸದ ಕ್ರಮ ಇದೇ.

ಈ ದಾರಿಯುದ್ದಕ್ಕೂ ಮೆಸೇಜಿನ ಪಠ್ಯ ಕಂಪನಿಗೆ ಕಾಣುವಂತೆಯೇ ಸಾಗುತ್ತದೆ. ವಾಟ್ಸಾಪ್‌ನಲ್ಲಿ ಇರುವಂತೆ ಕಳಿಸಿದವರಿಂದ ಪಡೆಯುವವರವರೆಗೆ ಬೀಗ ಹಾಕಿದ ಸಂದೇಶವಲ್ಲ ಇದು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎಸ್‌ಎಂಎಸ್, ಎಂಎಂಎಸ್ ವದಂತಿಗಳಿಗೆ ಹೆದರಿ ಬೆಂಗಳೂರು ಬಿಟ್ಟು ಹೊರಟರು. ರೈಲ್ವೆ ಇಲಾಖೆ ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಮಿತಿ ಹೇರಿತು. ಎಲ್ಲ ಮೆಸೇಜೂ ಸಂದೇಶ ಕೇಂದ್ರವನ್ನು ಹಾದೇ ಹೋಗಬೇಕಾದ್ದರಿಂದ ಅಲ್ಲಿ ಎಣಿಸಿ ತಡೆಯುವುದು ಸಾಧ್ಯವಾಯಿತು. ಹೆದರಿ ಹೊರಟವರಿಗೆ ಆ ವದಂತಿ ಯಾರು ಹುಟ್ಟಿಸಿದ್ದೆಂದು ತಿಳಿಯುವ ದಾರಿ ಮಾತ್ರ ಇರಲಿಲ್ಲ. ಕಳಿಸಿದವರು ಯಾರು ಎಂಬುದು ಈ ವ್ಯವಸ್ಥೆಯ ಅತ್ಯಂತ ದುರ್ಬಲ ಮೂಲೆ.

ಹೆಸರು ಹೇಳಿದವರನ್ನು ನಂಬುವ ಜಾಲ

ಎಸ್‌ಎಂಎಸ್‌ನಲ್ಲಿ ಕಳಿಸಿದವರ ಜಾಗದಲ್ಲಿ ನಂಬರೇ ಇರಬೇಕೆಂದಿಲ್ಲ. ಹನ್ನೊಂದು ಅಕ್ಷರದೊಳಗಿನ ಯಾವ ಹೆಸರನ್ನಾದರೂ ಬರೆಯಬಹುದು. ಅದು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಮೂಲ ನಿಯಮದಲ್ಲಿ ಇಲ್ಲ. ಬ್ಯಾಂಕಿನ ಹೆಸರು ಹಾಕಿ ಬಂದ ಸುಳ್ಳು ಮೆಸೇಜನ್ನು ಫೋನು ಅದೇ ಬ್ಯಾಂಕಿನ ಹಳೆಯ, ನಿಜವಾದ ಮೆಸೇಜುಗಳ ಸಾಲಿನಲ್ಲೇ ಜೋಡಿಸಿ ತೋರಿಸಿಬಿಡುತ್ತದೆ. ವಯಸ್ಸಾದವರು ಮೋಸ ಹೋದಾಗ ‘ನೋಡಿಕೊಳ್ಳಬಾರದಿತ್ತೇ’ ಎಂದು ಗದರುವವರು ಇದನ್ನು ತಿಳಿದಿರಬೇಕು. ಅವರು ನೋಡಿಯೇ ನಂಬಿರುತ್ತಾರೆ.

ಭಾರತ ಇದಕ್ಕೆ ಜಾಲದ ಹೊರಗಿನಿಂದ ಮದ್ದು ಹುಡುಕಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ವ್ಯಾಪಾರಿ ಮೆಸೇಜು ಕಳಿಸುವ ಪ್ರತಿ ಸಂಸ್ಥೆಯೂ ತನ್ನ ಹೆಸರನ್ನೂ ಮೆಸೇಜಿನ ಮಾದರಿ ವಾಕ್ಯವನ್ನೂ ಮೊದಲೇ ನೋಂದಾಯಿಸಬೇಕು. ತಾಳೆಯಾಗದ ಮೆಸೇಜನ್ನು ಕಂಪನಿ ಬಿಸಾಡಬೇಕು. 2021ರ ಮಾರ್ಚ್ 8ರಂದು ಈ ಜರಡಿ ಹಿಡಿದ ದಿನ ನೋಂದಣಿ ಸರಿಮಾಡಿಕೊಳ್ಳದ ಸಂಸ್ಥೆಗಳ ಒಟಿಪಿಗಳು ದೇಶದಾದ್ಯಂತ ನಿಂತುಹೋದವು, ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಈಗ ಅದು ನೆಲೆಗೊಂಡಿದೆ. ಬ್ಯಾಂಕಿನ ಮೆಸೇಜಿನ ಹೆಸರಿನ ಮುಂದೆ ಎರಡು ಇಂಗ್ಲಿಷ್ ಅಕ್ಷರ ಕಾಣುತ್ತವಲ್ಲ, ಮೊದಲನೆಯದು ಕಂಪನಿಯನ್ನು, ಎರಡನೆಯದು ವಲಯವನ್ನು ಹೇಳುತ್ತದೆ; ಕರ್ನಾಟಕಕ್ಕೆ ‘ಎಕ್ಸ್’ ಎಂಬ ಅಕ್ಷರ. 2025ರಿಂದ ಹೆಸರಿನ ಕೊನೆಗೂ ಒಂದು ಅಕ್ಷರ ಸೇರಿದೆ: ಪ್ರಚಾರಕ್ಕೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರಕಾರಕ್ಕೆ ‘ಜಿ’. ಹಣದ ವಿಷಯ ಹೇಳುವ ಮೆಸೇಜು ಹತ್ತಂಕಿಯ ನಂಬರಿನಿಂದ ಬಂದಿದ್ದರೆ ಅದನ್ನು ಮುಟ್ಟದಿರುವುದೇ ಕ್ಷೇಮ.

ಇದಕ್ಕಿಂತ ಆಳದ ತೊಂದರೆಯೊಂದಿದೆ. ದೇಶದೇಶಗಳ ಸ್ವಿಚ್ಚುಗಳು ಪರಸ್ಪರ ಮಾತಾಡುವ ಎಸ್‌ಎಸ್7 ಎಂಬ ನಿಯಮಾವಳಿ ಅಂತರರಾಷ್ಟ್ರೀಯ ಮಾನದಂಡವಾಗಿ ರೂಪುಗೊಂಡದ್ದು 1980ರಲ್ಲಿ. ಆಗ ಜಾಲದಲ್ಲಿದ್ದವರು ಬಹುಪಾಲು ಸರಕಾರಿ ದೂರವಾಣಿ ಇಲಾಖೆಗಳು ಮತ್ತು ಕೆಲವೇ ದೊಡ್ಡ ಕಂಪನಿಗಳು. ಒಬ್ಬರು ‘ಈ ಚಂದಾದಾರರು ಎಲ್ಲಿದ್ದಾರೆ’ ಎಂದು ಕೇಳಿದರೆ ಇನ್ನೊಬ್ಬರು ಹೇಳುತ್ತಿದ್ದರು. ಕೇಳುವವರ ಹಕ್ಕನ್ನು ಪ್ರಶ್ನಿಸುವ ಅಗತ್ಯ ಕಂಡಿರಲಿಲ್ಲ. ಆಮೇಲೆ ನೂರಾರು ಖಾಸಗಿ ಕಂಪನಿಗಳು ಆ ಜಾಲಕ್ಕೆ ಸೇರಿದವು, ಪ್ರವೇಶ ದುಡ್ಡಿಗೆ ಸಿಗುವಂತಾಯಿತು. ಜರ್ಮನಿಯ ಸಂಶೋಧಕರಾದ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ 2014ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಇದನ್ನು ಎಲ್ಲರೆದುರು ತೋರಿಸಿದರು: ಯಾರದೋ ಹತ್ತಂಕಿ ಗೊತ್ತಿದ್ದರೆ ಜಗತ್ತಿನ ಇನ್ನೊಂದು ಮೂಲೆಯಿಂದ ಅವರಿರುವ ಜಾಗ ತಿಳಿಯಬಹುದು, ಅವರ ಮೆಸೇಜನ್ನು ತನ್ನ ಕಡೆ ತಿರುಗಿಸಿಕೊಳ್ಳಬಹುದು. 2017ರಲ್ಲಿ ಜರ್ಮನಿಯಲ್ಲೇ ವಂಚಕರು ಈ ದಾರಿಯಿಂದ ಬ್ಯಾಂಕಿನ ಒಟಿಪಿಗಳನ್ನು ಕದ್ದು ಖಾತೆಗಳಿಂದ ಹಣ ತೆಗೆದರು. ಅಮೆರಿಕದ ಮಾನದಂಡ ಸಂಸ್ಥೆ ಅದೇ ವರ್ಷ ಎಸ್‌ಎಂಎಸ್ ಮೂಲಕದ ದೃಢೀಕರಣವನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2025ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಎಸ್‌ಎಂಎಸ್ ಒಟಿಪಿಯನ್ನು ಬಿಟ್ಟು ಬೇರೆ ದಾರಿಗಳಿಗೂ ಅವಕಾಶ ಕೊಟ್ಟಿದೆ. ಬ್ಯಾಂಕುಗಳು ಆ ದಾರಿಗಳನ್ನು ಬೇಗ ಹಿಡಿಯಲಿ ಎಂದು ನಾನು ಬಯಸುತ್ತೇನೆ.

ನಕ್ಷತ್ರದಿಂದ ಶುರುವಾಗಿ ಹ್ಯಾಶ್‌ನಲ್ಲಿ ಮುಗಿಯುವ ಬಹುಪಾಲು ಸಂಕೇತಗಳೂ ಸಿಗ್ನಲಿಂಗ್ ದಾರಿಯಲ್ಲೇ ಸಾಗುತ್ತವೆ. ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಲ್ಲೂ *99# ಒತ್ತಿ ಬ್ಯಾಂಕ್ ವ್ಯವಹಾರ ಮಾಡಬಹುದಾದದ್ದು ಇದರಿಂದ. ಆದರೆ ‘ಪಾರ್ಸೆಲ್ ಬಂದಿದೆ, *401* ಒತ್ತಿ ಈ ನಂಬರು ಹಾಕಿ’ ಎಂದು ಯಾರಾದರೂ ಹೇಳಿದರೆ ಮಾಡಬೇಡಿ. ನಿಮ್ಮ ಕರೆಗಳೆಲ್ಲ ಆ ನಂಬರಿಗೆ ತಿರುಗುತ್ತವೆ. ಈ ವಂಚನೆ ಹೆಚ್ಚಿದ್ದರಿಂದ 2024ರ ಏಪ್ರಿಲ್ 15ರಿಂದ ಇಂಥ ಸಂಕೇತದ ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು ನಿಲ್ಲಿಸಲು ದೂರಸಂಪರ್ಕ ಇಲಾಖೆ ಹೇಳಿತು. ಅನುಮಾನವಿದ್ದರೆ ##002# ಒತ್ತಿ, ಇರುವ ಎಲ್ಲ ತಿರುವುಗಳೂ ರದ್ದಾಗುತ್ತವೆ.

ಯಾರ ನಂಬರನ್ನೂ ಕೇಳದ ಮೆಸೇಜೂ ಒಂದಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಮ್ಮೆಗೇ ಜೋರಾಗಿ ಸದ್ದು ಮಾಡಿ ಎಚ್ಚರಿಕೆ ತೋರಿಸಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಪತ್ತು ಸೂಚನೆಯ ಪರೀಕ್ಷೆ. ಟವರು ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಲ ಸಾರುತ್ತದೆ. ಯಾರಿದ್ದಾರೆ, ಎಷ್ಟು ಜನ, ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಪ್ರವಾಹ ಬಂದ ದಿನ ಜಾಲ ಕಿಕ್ಕಿರಿದಾಗಲೂ ಇದು ತಲುಪುತ್ತದೆ.

ಕನ್ನಡಕ್ಕೆ 70

ಕೊನೆಗೆ ಲಿಪಿಯ ವಿಷಯ. ಏಳು ಬಿಟ್‌ಗಳಲ್ಲಿ ಬರೆಯಬಹುದಾದ ಚಿಹ್ನೆಗಳು 128. ಎಂಜಿನಿಯರುಗಳು ಆ ಕೋಷ್ಟಕದಲ್ಲಿ ಇಂಗ್ಲಿಷ್ ಅಕ್ಷರಗಳ ಜೊತೆಗೆ ಸ್ವೀಡಿಶ್, ಸ್ಪ್ಯಾನಿಶ್, ಜರ್ಮನ್ ಭಾಷೆಗಳ ವಿಶೇಷ ಅಕ್ಷರಗಳನ್ನೂ ಗ್ರೀಕ್‌ನ ಕೆಲವು ದೊಡ್ಡಕ್ಷರಗಳನ್ನೂ ಪೌಂಡ್ ಚಿಹ್ನೆಯನ್ನೂ ಸೇರಿಸಿದರು. ಅಲ್ಲಿಗೆ ಜಾಗ ಮುಗಿಯಿತು. ಅದರಲ್ಲಿಲ್ಲದ ಒಂದೇ ಒಂದು ಚಿಹ್ನೆ ಮೆಸೇಜಿನಲ್ಲಿ ಬಂದರೂ ಇಡೀ ಮೆಸೇಜು ಒಂದೊಂದು ಅಕ್ಷರಕ್ಕೆ ಹದಿನಾರು ಬಿಟ್‌ನ ಬರವಣಿಗೆಗೆ ಹೊರಳುತ್ತದೆ. ಮಿತಿ 160ರಿಂದ 70ಕ್ಕೆ ಇಳಿಯುತ್ತದೆ. ನಮ್ಮ ₹ ಚಿಹ್ನೆ ಕೂಡ ಆ ಕೋಷ್ಟಕದಲ್ಲಿಲ್ಲ.

70 ಎಂದರೆ ಕಣ್ಣಿಗೆ ಕಾಣುವ 70 ಅಕ್ಷರವೂ ಅಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಹೀಗೆ ಆರು. ‘ಅಮ್ಮ, ಬಸ್ಸು ಹಾಸನ ದಾಟಿತು. ಹತ್ತು ಗಂಟೆಗೆ ಮನೆ ಸೇರುತ್ತೇನೆ. ಊಟಕ್ಕೆ ಕಾಯಬೇಡ.’ ಈ ಮೆಸೇಜನ್ನು ಎಣಿಸಿ ನೋಡಿದರೆ ಖಾಲಿ ಜಾಗಗಳೂ ಸೇರಿ 68. ಕೊನೆಗೆ ‘ಮಲಗು’ ಎಂದು ಒಂದು ಪದ ಸೇರಿಸಿದರೆ 70 ದಾಟಿ ಎರಡು ಮೆಸೇಜಾಗುತ್ತದೆ. ಹಾಗೆ ತುಂಡಾದಾಗ ಜೋಡಣೆಯ ಗುರುತಿಗೂ ಜಾಗ ಬೇಕಾದ್ದರಿಂದ ಪ್ರತಿ ತುಂಡಿನಲ್ಲಿ 67 ಮಾತ್ರ ಹಿಡಿಸುತ್ತದೆ. ಒಂದೊಂದು ಮೆಸೇಜಿಗೂ ದುಡ್ಡು ಕೊಡುತ್ತಿದ್ದ ಕಾಲದಲ್ಲಿ, ಫೋನಿನಲ್ಲಿ ಕನ್ನಡದ ಬದಲು ಚೌಕಗಳು ಕಾಣುತ್ತಿದ್ದ ಕಾಲದಲ್ಲಿ, ಒಂದು ತಲೆಮಾರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ರೂಢಿ ಮಾಡಿಕೊಂಡಿತು. ಅದು ಭಾಷಾಭಿಮಾನದ ಕೊರತೆ ಎಂದು ಬೈದವರಿದ್ದಾರೆ. ನನ್ನ ಪ್ರಕಾರ ಆ 128 ಚಿಹ್ನೆಗಳ ಕೋಷ್ಟಕದ ಪಾಲು ಅದರಲ್ಲಿ ದೊಡ್ಡದು.

ಪರಿಹಾರ ಇಲ್ಲದಿರಲಿಲ್ಲ. ಮೊದಲು ತುರ್ಕಿ ಪಟ್ಟು ಹಿಡಿದು ತನ್ನ ಭಾಷೆಗೆ ಬೇರೆಯದೇ ಏಳು ಬಿಟ್ ಕೋಷ್ಟಕ ಬರೆಸಿಕೊಂಡಿತು, ಅಲ್ಲಿ ಮಾರುವ ಫೋನುಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ನಂತರ ಅದೇ ಮಾನದಂಡಕ್ಕೆ ಭಾರತದ ಹತ್ತು ಭಾಷೆಗಳು ಸೇರಿದವು. ಅದರಲ್ಲಿ ಕನ್ನಡದ ಕೋಷ್ಟಕದ ಸಂಖ್ಯೆ 7. ಮೆಸೇಜಿನ ತಲೆಯಲ್ಲಿ ‘ಇದು ಏಳನೇ ಕೋಷ್ಟಕ’ ಎಂಬ ಗುರುತು ಹಾಕಿದರೆ ಕನ್ನಡದಲ್ಲೂ 155 ಚಿಹ್ನೆಗಳನ್ನು ಒಂದೇ ಮೆಸೇಜಿನಲ್ಲಿ ಕಳಿಸಬಹುದು. ಆಂಡ್ರಾಯ್ಡ್‌ನ ಮುಕ್ತ ಸೋರ್ಸ್ ಕೋಡ್‌ನಲ್ಲಿ ಎಸ್‌ಎಂಎಸ್ ಲಿಪಿಗಳ ಕಡತ ತೆರೆದರೆ ಕನ್ನಡದ ಈ ಕೋಷ್ಟಕ ಅಲ್ಲೇ ಇದೆ. ಆದರೆ ಕಳಿಸುವ ಫೋನು, ನಡುವಿನ ಸಂದೇಶ ಕೇಂದ್ರ, ಪಡೆಯುವ ಫೋನು ಎಲ್ಲವೂ ಅದನ್ನು ಬಳಸಲು ಒಪ್ಪಬೇಕು. ಸಾಮೂಹಿಕ ಎಸ್‌ಎಂಎಸ್ ಮಾರುವ ಕಂಪನಿಗಳು ಇವತ್ತೂ ಕನ್ನಡದ ಮೆಸೇಜಿಗೆ 70 ಮತ್ತು 67ರ ಲೆಕ್ಕದಲ್ಲೇ ಬಿಲ್ ಹಾಕುತ್ತವೆ.

ಇದರ ಪರಿಣಾಮ ಕಾಣುವುದು ಸಣ್ಣ ಸಂಸ್ಥೆಗಳ ಲೆಕ್ಕಪುಸ್ತಕದಲ್ಲಿ. ಒಂದು ಸಹಕಾರಿ ಸಂಘ ತನ್ನ ಸದಸ್ಯರಿಗೆ ಸಾಲದ ಕಂತಿನ ಸೂಚನೆಯನ್ನು ಇಂಗ್ಲಿಷಿನಲ್ಲಿ 155 ಚಿಹ್ನೆಗಳಲ್ಲಿ ಕಳಿಸಿದರೆ ಒಂದು ಮೆಸೇಜಿನ ದುಡ್ಡು. ಅಷ್ಟೇ ಉದ್ದದ ಸೂಚನೆಯನ್ನು ಸದಸ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಕಳಿಸಿದರೆ ಮೂರು ಮೆಸೇಜಿನ ದುಡ್ಡು. ಟ್ರಾಯ್ ನಿಯಮದಂತೆ ಮಾದರಿ ವಾಕ್ಯ ನೋಂದಾಯಿಸುವಾಗ ಅದು ಇಂಗ್ಲಿಷ್ ಪಠ್ಯವೋ ಯೂನಿಕೋಡೋ ಎಂದು ಬರೆದುಕೊಡಲೇಬೇಕು. ಯಾವ ಮೆಸೇಜು ಭಾರತೀಯ ಭಾಷೆಯದು ಎಂಬುದು ಕಂಪನಿಗಳಿಗೆ ಆಗಲೇ ಗೊತ್ತಿದೆ. ಏಳನೇ ಕೋಷ್ಟಕ ಎಲ್ಲ ಫೋನುಗಳಲ್ಲೂ ಚಾಲೂ ಆಗುವವರೆಗೆ ಕಾಯಬೇಕಾಗಿಲ್ಲ. ನೋಂದಾಯಿತ ಕನ್ನಡ ಮೆಸೇಜು ಎಷ್ಟು ತುಂಡಾಗಿ ಹೋದರೂ 155 ಚಿಹ್ನೆಯವರೆಗೆ ಒಂದೇ ಮೆಸೇಜೆಂದು ಬಿಲ್ ಮಾಡಬೇಕೆಂದು ಟ್ರಾಯ್ ಒಂದು ಆದೇಶದಲ್ಲಿ ಹೇಳಬಹುದು. ದರದ ವಿಷಯದಲ್ಲಿ ಆದೇಶ ಹೊರಡಿಸುವ ಅಧಿಕಾರ ಅದಕ್ಕಿದೆ, ಕರಡುಗಳ ಮೇಲೆ ಸಾರ್ವಜನಿಕರ ಅಭಿಪ್ರಾಯವನ್ನೂ ಅದು ಕೇಳುತ್ತದೆ. ಮುಂದಿನ ಸಲ ಕೇಳಿದಾಗ ಸಹಕಾರಿ ಸಂಘಗಳು, ಹಾಲು ಒಕ್ಕೂಟಗಳು, ಗ್ರಾಮ ಪಂಚಾಯಿತಿಗಳು, ಕನ್ನಡ ಶಾಲೆಗಳು ತಮ್ಮ ಎಸ್‌ಎಂಎಸ್ ಬಿಲ್ಲಿನ ಪ್ರತಿಯನ್ನು ಜೊತೆಗಿಟ್ಟು ಬರೆಯಬೇಕು.